ಪಾಸ್ ಕೊಟ್ಟವನ ಹೆಸರು

ಬ್ಲಾಗಿನ ಕಡೆ ತಲೆ ಹಾಕಿ ತುಂಬಾ ದಿನ ಆಯ್ತು. ಕೆಲಸ, ರಿಲೀಸು, ಸೋಮಾರಿತನ... ನೆಪಗಳು ನಿಮಗೂ ಗೊತ್ತಿರೋವೇ. ಈ ಸಲ ಬರೀತಿರೋದು ಫುಟ್ಬಾಲ್ ಬಗ್ಗೆ. ಫುಟ್ಬಾಲ್ ಅಂದ್ರೆ ದೂರ ಓಡುವವರೂ ಸ್ವಲ್ಪ ತಾಳ್ಮೆಯಿಂದ ಓದಿ, ಇದರಲ್ಲಿ ಆಟಕ್ಕಿಂತ ಬೇರೆ ವಿಷಯಗಳೂ ಇವೆ.

2024ರ ಅಕ್ಟೋಬರ್ 28ರ ರಾತ್ರಿ ಪ್ಯಾರಿಸ್ಸಿನಲ್ಲಿ ಬ್ಯಾಲನ್ ಡಿ'ಓರ್ ಸಮಾರಂಭ ನಡೆದಾಗ ನಮ್ಮ ಗಡಿಯಾರದಲ್ಲಿ ಆಗಲೇ 29ನೇ ತಾರೀಖು. ಬೆಳಿಗ್ಗೆ ಆಫೀಸಿನಲ್ಲಿ ಡೆಮೊ ಇದ್ದರೂ ನಾನು, ನನ್ನ ರೂಮ್‌ಮೇಟ್ ಇಬ್ಬರೂ ಲ್ಯಾಪ್‌ಟಾಪ್ ಮುಂದೆ ಕೂತಿದ್ವಿ. ವಿನೀಸಿಯಸ್‌ಗೆ ಬರಲ್ಲ ಅಂತ ಸುದ್ದಿ ಹರಡಿ ರಿಯಲ್ ಮ್ಯಾಡ್ರಿಡ್‌ನವರು ಪ್ಯಾರಿಸ್ ಕಡೆಗೇ ಬಂದಿರಲಿಲ್ಲ. ಕೊನೆಗೆ ಮೊಣಕಾಲಿನ ಗಾಯ ಮಾಡಿಕೊಂಡಿದ್ದ ರೋಡ್ರಿ ಊರುಗೋಲು ಹಿಡಿದುಕೊಂಡು ವೇದಿಕೆ ಹತ್ತಿದ. ಆಗ ಒಂದು ಮಾತು ಕಿವಿಗೆ ಬಿತ್ತು. ಸ್ಪೇನ್‌ನಲ್ಲಿ ಹುಟ್ಟಿದ ಗಂಡಸೊಬ್ಬನಿಗೆ ಈ ಪ್ರಶಸ್ತಿ ಬಂದದ್ದು 64 ವರ್ಷಗಳ ನಂತರವಂತೆ. ಅದಕ್ಕೂ ಮುಂಚೆ ಬಂದಿದ್ದು 1960ರಲ್ಲಿ, ಲೂಯಿಸ್ ಸುವಾರೆಜ್‌ಗೆ.

"ಯಾರು ಮಗಾ, ಆ ಕಚ್ಚೋ ಆಸಾಮಿನಾ?" ಅಂದ ರೂಮ್‌ಮೇಟ್.

ಅವನ ತಪ್ಪಿಲ್ಲ ಬಿಡಿ. 2014ರ ವಿಶ್ವಕಪ್‌ನಲ್ಲಿ ಇಟಲಿಯ ಕಿಯೆಲ್ಲಿನಿಯ ಭುಜ ಕಚ್ಚಿದ ಉರುಗ್ವೆಯ ಲೂಯಿಸ್ ಸುವಾರೆಜ್‌ನನ್ನು ಯಾರು ಮರೀತಾರೆ? ಆತನೂ ಬಾರ್ಸಿಲೋನಾಕ್ಕೇ ಆಡಿದವನು. ನೀವೂ ಗೂಗಲ್ ಮಾಡಿ ನೋಡಿ, ಮೊದಲು ಸಿಗೋದು ಅವನೇ. ಹಳೆಯ ಸುವಾರೆಜ್ ಸಿಗಬೇಕಾದರೆ ಅಮ್ಮನ ಕಡೆಯ ಮನೆತನದ ಹೆಸರು 'ಮಿರಾಮೊಂತೆಸ್' ಅಂತಲೂ ಸೇರಿಸಿ ಹುಡುಕಬೇಕು. ಸ್ಪೇನಿನಲ್ಲಿ ಅಪ್ಪನ ಮನೆತನದ ಹೆಸರಿನ ಜೊತೆ ಅಮ್ಮನದೂ ಇರುತ್ತೆ. ಈ ಪದ್ಧತಿ ಇಷ್ಟು ಉಪಯೋಗಕ್ಕೆ ಬರುತ್ತೆ ಅಂತ ನನಗೆ ಗೊತ್ತಿರಲಿಲ್ಲ :)

ಅವತ್ತಿನಿಂದ ಬಿಡುವು ಸಿಕ್ಕಾಗಲೆಲ್ಲ ಈ ಮಿರಾಮೊಂತೆಸ್ ಹಿಂದೆ ಬಿದ್ದಿದ್ದೇನೆ.

*

ಸ್ಪೇನಿನ ನಕ್ಷೆಯಲ್ಲಿ ಪೋರ್ಚುಗಲ್‌ನ ನೆತ್ತಿಯ ಮೇಲೆ, ಅಟ್ಲಾಂಟಿಕ್ ಸಮುದ್ರಕ್ಕೆ ಮುಖ ಮಾಡಿಕೊಂಡು ಗಲೀಷಿಯಾ ಅನ್ನುವ ಪ್ರಾಂತ್ಯ ಇದೆ. ಅಲ್ಲಿನ ಬಂದರು ಪಟ್ಟಣ ಆ ಕೊರುನ್ಯಾ. 1935ರ ಮೇ 2ರಂದು ಸುವಾರೆಜ್ ಹುಟ್ಟಿದ್ದು ಅಲ್ಲಿ, ಮಾಂಸದಂಗಡಿ ಇಟ್ಟುಕೊಂಡಿದ್ದ ಕುಟುಂಬದಲ್ಲಿ. ಮರುವರ್ಷವೇ ಸ್ಪೇನಿನ ಅಂತರ್ಯುದ್ಧ ಶುರುವಾಯಿತು. ಅದು ಮುಗಿದು 1939ರಲ್ಲಿ ಜನರಲ್ ಫ್ರಾಂಕೊ ದೇಶವನ್ನು ಮುಷ್ಟಿಯಲ್ಲಿ ಹಿಡಿದಾಗ ಹುಡುಗನಿಗೆ ನಾಲ್ಕು ವರ್ಷ. ಈ ಫ್ರಾಂಕೊನನ್ನು ನೆನಪಿಟ್ಟುಕೊಳ್ಳಿ, ಮುಂದೆ ಎರಡು ಸಲ ಬರುತ್ತಾನೆ.

ಮನೆಯಲ್ಲಿ ಅಣ್ಣಂದಿರೂ ಫುಟ್ಬಾಲ್ ಆಡುವವರೇ. ಲೂಯಿಸಿಟೊ (ಅಂದರೆ ಪುಟ್ಟ ಲೂಯಿಸ್, ಮುದ್ದಿನ ಹೆಸರು) ಊರಿನ ದೊಡ್ಡ ಕ್ಲಬ್ ಡೆಪೋರ್ಟಿವೊ ಸೇರಿದ. 1953ರ ಡಿಸೆಂಬರ್ 6ರಂದು ಮೊದಲ ಬಾರಿ ಲೀಗ್ ಪಂದ್ಯಕ್ಕೆ ಇಳಿದಾಗ ಅವನಿಗೆ ಹದಿನೆಂಟು ವರ್ಷ. ಎದುರಾಳಿ ಬಾರ್ಸಿಲೋನಾ, ಅದೂ ಅವರದೇ ಮೈದಾನದಲ್ಲಿ. ಡೆಪೋರ್ಟಿವೊ 6-1ರಿಂದ ಸೋತಿತು! ಇಷ್ಟು ಕೆಟ್ಟದಾಗಿ ಸೋತ ತಂಡದ ಹುಡುಗನನ್ನು ಗೆದ್ದ ತಂಡದವರು ಕೆಲವೇ ತಿಂಗಳಲ್ಲಿ ಕೊಂಡುಕೊಂಡರು ಅಂದರೆ ಆ ದಿನ ಅವನಲ್ಲಿ ಏನು ನೋಡಿರಬಹುದು? ಸ್ಕೋರ್ ಬೋರ್ಡಿನಲ್ಲಂತೂ ಅದು ಇಲ್ಲ.

ಬಾರ್ಸಿಲೋನಾದಲ್ಲಿ ಮೊದಲ ವರ್ಷ ಹೆಚ್ಚಾಗಿ ಎರಡನೇ ತಂಡದಲ್ಲೇ ಆಡಿಸಿದರು. ಮೊದಲ ತಂಡದಲ್ಲಿ ಆಗ ಜಾಗ ಸಿಗೋದು ಸುಲಭ ಇರಲಿಲ್ಲ. ಯಾಕೆಂದರೆ ಅಲ್ಲಿ ಕುಬಾಲಾ ಇದ್ದ. ಹಂಗರಿಯಿಂದ ತಪ್ಪಿಸಿಕೊಂಡು ಬಂದ ಲಾಡಿಸ್ಲಾವ್ ಕುಬಾಲಾನನ್ನು ನೋಡೋಕೆ ಜನ ಎಷ್ಟು ಮುಗಿಬೀಳುತ್ತಿದ್ದರು ಅಂದರೆ ಲೆಸ್ ಕೋರ್ಟ್ಸ್ ಅನ್ನುವ ಹಳೆಯ ಮೈದಾನ ಸಾಲದೆ ಹೊಸ ಸ್ಟೇಡಿಯಂ ಕಟ್ಟಬೇಕಾಯಿತು ಅಂತ ಇವತ್ತಿಗೂ ಆ ಊರಿನವರು ಹೇಳುತ್ತಾರೆ. ಆ ಹೊಸ ಸ್ಟೇಡಿಯಂ ಕ್ಯಾಂಪ್ ನೋ. 1957ರ ಸೆಪ್ಟೆಂಬರ್ 24ರಂದು ಶುರುವಾಯಿತು. ಖರ್ಚು ಅಂದಾಜು ಮೀರಿ ಎಲ್ಲೆಲ್ಲೋ ಹೋಗಿ ಕ್ಲಬ್ ತಲೆ ಮೇಲೆ ದೊಡ್ಡ ಸಾಲ ಕೂತಿತು. ಈ ಸಾಲವನ್ನೂ ನೆನಪಿಟ್ಟುಕೊಳ್ಳಿ.

ಸುವಾರೆಜ್ ಆಡುತ್ತಿದ್ದ ಜಾಗಕ್ಕೆ ಆಗ 'ಇನ್‌ಸೈಡ್ ಫಾರ್ವರ್ಡ್' ಅಂತಿದ್ದರು. ಐದು ಜನ ಫಾರ್ವರ್ಡ್‌ಗಳ ಸಾಲಿನಲ್ಲಿ ನಟ್ಟನಡುವಿನವನಿಗೂ ಅಂಚಿನವನಿಗೂ ಮಧ್ಯೆ ಇರುವವನು. ಸ್ವಲ್ಪ ಹಿಂದೆ ಬಂದು ಚೆಂಡು ತಗೊಂಡು ಮುಂದಿನವರಿಗೆ ಹಂಚೋದು, ಸಿಕ್ಕರೆ ಗೋಲೂ ಹೊಡೆಯೋದು. ಆತ ಎರಡನ್ನೂ ಮಾಡಿದ. ಬಾರ್ಸಿಲೋನಾಕ್ಕೆ ಲೀಗ್‌ನಲ್ಲಿ 122 ಪಂದ್ಯ, 61 ಗೋಲು. 1958ರಲ್ಲಿ ಫೇರ್ಸ್ ಕಪ್ ಫೈನಲ್‌ನ ಎರಡನೇ ಲೆಗ್‌ನಲ್ಲಿ ಲಂಡನ್ ತಂಡವನ್ನು 6-0ಯಿಂದ ಬಗ್ಗುಬಡಿದಾಗ ಅದರಲ್ಲಿ ಎರಡು ಇವನವು. 1959 ಮತ್ತು 1960ರಲ್ಲಿ ಸಾಲಾಗಿ ಎರಡು ಲೀಗ್. ಆಗ ಯುರೋಪನ್ನೇ ಆಳುತ್ತಿದ್ದ ಡಿ ಸ್ಟೆಫಾನೊ, ಪುಸ್ಕಾಸ್‌ರ ರಿಯಲ್ ಮ್ಯಾಡ್ರಿಡ್ ಎದುರಿಗಿದ್ದಾಗ ಗೆದ್ದ ಲೀಗ್‌ಗಳಿವು ಅನ್ನೋದನ್ನು ಮರೀಬಾರದು. ಆ ಡಿ ಸ್ಟೆಫಾನೊನೇ ಸುವಾರೆಜ್‌ನನ್ನು 'ಆರ್ಕಿಟೆಕ್ಟ್' ಅಂತ ಕರೆದನಂತೆ.

1960ರ ಬ್ಯಾಲನ್ ಡಿ'ಓರ್ ಮತದಾನದಲ್ಲಿ ಸುವಾರೆಜ್‌ಗೆ 54 ಅಂಕ, ಎರಡನೇ ಸ್ಥಾನದ ಪುಸ್ಕಾಸ್‌ಗೆ 37, ಮೂರನೆಯ ಊವೆ ಸೀಲರ್‌ಗೆ 33. ಅಂದರೆ ಅಂಚಿನಲ್ಲಿ ಗೆದ್ದಿದ್ದಲ್ಲ. ಇದಕ್ಕೂ ಮುಂಚೆ ಸ್ಪೇನ್ ಹೆಸರಿನಲ್ಲಿ ಡಿ ಸ್ಟೆಫಾನೊ ಎರಡು ಸಲ ಗೆದ್ದಿದ್ದ, ಆದರೆ ಅವನು ಹುಟ್ಟಿದ್ದು ಅರ್ಜೆಂಟೀನಾದಲ್ಲಿ. (ಹೆಂಗಸರ ಲೆಕ್ಕ ಬೇರೆ, ಅದನ್ನು ಬಿಟ್ಟರೆ ತಪ್ಪಾಗುತ್ತೆ. 2021, 2022ರಲ್ಲಿ ಅಲೆಕ್ಸಿಯಾ ಪುತೆಯಾಸ್, 2023ರಿಂದ 2025ರವರೆಗೆ ಐತಾನಾ ಬೊನ್ಮಾಟಿ. ಇಬ್ಬರೂ ಮಿಡ್‌ಫೀಲ್ಡರ್‌ಗಳು, ಇಬ್ಬರೂ ಬಾರ್ಸಿಲೋನಾದವರು.)

ಇಷ್ಟೆಲ್ಲ ಇದ್ದರೂ ಕ್ಯಾಂಪ್ ನೋದಲ್ಲಿ ಜನ ಅವನಿಗೆ ಸಿಳ್ಳೆ ಹಾಕುತ್ತಿದ್ದರು. ನಮ್ಮಲ್ಲಿ ಸಿಳ್ಳೆ ಅಂದರೆ ಮೆಚ್ಚುಗೆ, ಅಲ್ಲಿ ಅದು ಛೀಮಾರಿ. ಊರು ಎರಡು ಪಕ್ಷವಾಗಿ ಒಡೆದಿತ್ತು. ಒಂದು ಕುಬಾಲಾ ಪಕ್ಷ, ಇನ್ನೊಂದು ಸುವಾರೆಜ್ ಪಕ್ಷ. ಕೋಚ್ ಹೆಲೆನಿಯೊ ಹೆರೆರಾ ವಯಸ್ಸಾಗುತ್ತಿದ್ದ ಕುಬಾಲಾನನ್ನು ಕೂರಿಸಿ ತಂಡವನ್ನು ಸುವಾರೆಜ್ ಸುತ್ತ ಕಟ್ಟೋಕೆ ಹೊರಟಿದ್ದ. ಕುಬಾಲಾ ಅಂದರೆ ದೇವರು ಅಂತಿದ್ದವರು ಕೋಚ್ ಮೇಲಿನ ಸಿಟ್ಟನ್ನು ಹುಡುಗನ ಮೇಲೆ ತೀರಿಸಿಕೊಂಡರು. ವಿಚಿತ್ರ ಅಂದರೆ, ನಾನು ಓದಿದ ಮಟ್ಟಿಗೆ ಕುಬಾಲಾನಿಗೂ ಸುವಾರೆಜ್‌ಗೂ ನಡುವೆ ಯಾವ ಜಗಳವೂ ಇರಲಿಲ್ಲ. ಅಭಿಮಾನಿಗಳ ಜಗಳ ಯಾವತ್ತೂ ಅಭಿಮಾನಿಗಳದ್ದೇ. ಇದನ್ನು ಸಿನಿಮಾ ನೋಡುವ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ ತಾನೆ?

1960ರ ಯುರೋಪಿಯನ್ ಕಪ್ ಸೆಮಿಫೈನಲ್‌ನಲ್ಲಿ ಬಾರ್ಸಿಲೋನಾ ಎರಡೂ ಲೆಗ್‌ಗಳಲ್ಲಿ 3-1ರಿಂದ ರಿಯಲ್ ಮ್ಯಾಡ್ರಿಡ್‌ಗೆ ಸೋತಿತು. ಹೆರೆರಾನನ್ನು ಕ್ಲಬ್ಬಿನಿಂದ ಕಳಿಸಿದರು. ಆತ ನೆಟ್ಟಗೆ ಮಿಲಾನ್‌ಗೆ ಹೋಗಿ ಇಂಟರ್ ತಂಡದ ಕೋಚ್ ಆದ.

ಮುಂದಿನ ಸೀಸನ್ನಿನಲ್ಲಿ ಮತ್ತೆ ಅದೇ ಎರಡು ತಂಡ, ಈ ಸಲ ಮೊದಲ ಸುತ್ತಿನಲ್ಲೇ. ಯುರೋಪಿಯನ್ ಕಪ್ ಶುರುವಾದಾಗಿನಿಂದ ಐದಕ್ಕೆ ಐದನ್ನೂ ಗೆದ್ದಿದ್ದ ರಿಯಲ್ ಮ್ಯಾಡ್ರಿಡ್ ಅನ್ನು ಮೊದಲ ಬಾರಿ ಹೊರಗೆ ಹಾಕಿದ್ದು ಬಾರ್ಸಿಲೋನಾ. ಮ್ಯಾಡ್ರಿಡ್‌ನಲ್ಲಿ 2-2 ಆದ ಪಂದ್ಯದಲ್ಲಿ ಎರಡೂ ಗೋಲು ಸುವಾರೆಜ್‌ನವು, ಎರಡನೆಯದು ಕೊನೆಯ ನಿಮಿಷಗಳಲ್ಲಿ ಸಿಕ್ಕ ಪೆನಾಲ್ಟಿ. ಎರಡೂ ಪಂದ್ಯಗಳ ಇಂಗ್ಲಿಷ್ ರೆಫರಿಗಳ ಬಗ್ಗೆ ಮ್ಯಾಡ್ರಿಡ್‌ನವರ ಗೊಣಗಾಟ ಇನ್ನೂ ಮುಗಿದಿಲ್ಲ ಅಂತ ಕಾಣುತ್ತೆ.

ಹಾಗೇ ಗೆಲ್ಲುತ್ತಾ ಫೈನಲ್ ತಲುಪಿದರು. 1961ರ ಮೇ 31, ಸ್ವಿಟ್ಜರ್ಲೆಂಡಿನ ಬರ್ನ್, ಎದುರಾಳಿ ಪೋರ್ಚುಗಲ್‌ನ ಬೆನ್‌ಫಿಕಾ. ಸ್ಪೇನಿನವರು ಇವತ್ತಿಗೂ ಇದನ್ನು 'ಚೌಕ ಕಂಬಗಳ ಫೈನಲ್' ಅಂತ ಕರೀತಾರೆ. ಆಗಿನ ಗೋಲಿನ ಕಂಬಗಳು ದುಂಡಗಿರಲಿಲ್ಲ, ಮರದ ತೊಲೆಯ ಹಾಗೆ ಚೌಕ. ಬಾರ್ಸಿಲೋನಾ ಹೊಡೆದ ಚೆಂಡುಗಳು ಮತ್ತೆ ಮತ್ತೆ ಕಂಬಕ್ಕೆ ಬಡಿದು ವಾಪಸ್ ಬಂದವು. ಕುಬಾಲಾ ಹೊಡೆದದ್ದು ಒಂದು ಕಂಬಕ್ಕೆ ತಾಗಿ, ಅಡ್ಡಕ್ಕೆ ಹೋಗಿ ಇನ್ನೊಂದು ಕಂಬಕ್ಕೂ ತಾಗಿ ಆಚೆ ಬಂತಂತೆ. ಅವರದೇ ಗೋಲ್‌ಕೀಪರ್ ರಮಾಯೆತ್ಸ್ ಕೈಯಿಂದ ಒಂದು ಸ್ವಂತ ಗೋಲು. ಕೊನೆಗೆ 3-2ರಿಂದ ಸೋಲು. ತಂಡದಲ್ಲಿದ್ದ ಹಂಗರಿಯವರಾದ ಕೋಚಿಶ್ ಮತ್ತು ಸಿಬೋರ್ ಏಳು ವರ್ಷ ಹಿಂದೆ, 1954ರ ವಿಶ್ವಕಪ್ ಫೈನಲ್‌ನಲ್ಲಿ, ಇದೇ ಸ್ಟೇಡಿಯಂನಲ್ಲಿ ಇದೇ 3-2ರಿಂದ ಸೋತಿದ್ದರು. ಆ ಇಬ್ಬರ ಗತಿ ನೆನೆಸಿಕೊಂಡರೆ ನನಗೆ ಅಯ್ಯೋ ಅನ್ನಿಸುತ್ತೆ.

ಸುವಾರೆಜ್‌ನ ಬಾರ್ಸಿಲೋನಾ ದಿನಗಳು ಅಲ್ಲಿಗೆ ಮುಗಿದವು. ಮಿಲಾನ್‌ನಿಂದ ಹೆರೆರಾ ಕರೆ ಕಳಿಸಿದ್ದ. ಇಂಟರ್‌ನ ಅಧ್ಯಕ್ಷ, ತೈಲ ಉದ್ಯಮಿ ಆಂಜೆಲೊ ಮೊರಾಟ್ಟಿ ಕೊಟ್ಟದ್ದು 2.5 ಕೋಟಿ ಪೆಸೆತಾ. ಆಗ ಅದು ಜಗತ್ತಿನಲ್ಲೇ ಅತಿ ದೊಡ್ಡ ಮೊತ್ತ. ಫುಟ್ಬಾಲ್ ಇತಿಹಾಸದಲ್ಲಿ ಒಂದು ಲಕ್ಷ ಪೌಂಡ್ ದಾಟಿದ ಮೊದಲ ಆಟಗಾರ ಇವನೇ. ಕ್ಲಬ್ಬಿನವರಿಗೆ ಆ ದುಡ್ಡು ಬೇಕಿತ್ತು, ಸ್ಟೇಡಿಯಂ ಸಾಲ ಇತ್ತಲ್ಲ. ಕುಬಾಲಾನನ್ನು ನೋಡಲು ಬರುವವರಿಗಾಗಿ ಕಟ್ಟಿದ ಸ್ಟೇಡಿಯಂನ ಸಾಲಕ್ಕೆ ಸುವಾರೆಜ್‌ನನ್ನು ಮಾರಿದರು ಅಂತ ಒಂದೇ ಸಾಲಿನಲ್ಲಿ ಹೇಳಬಹುದು, ಪೂರ್ತಿ ನ್ಯಾಯ ಅಲ್ಲದಿದ್ದರೂ. ಹಳೆಯ ಲೆಸ್ ಕೋರ್ಟ್ಸ್ ಜಾಗವನ್ನು ಮಾರಿ ಸಾಲ ತೀರಿಸೋಣ ಅಂದರೆ ಅದಕ್ಕೆ ಸರ್ಕಾರದ ಅಪ್ಪಣೆ ಬೇಕಿತ್ತು, ಅದು ಸಿಕ್ಕಿದ್ದು ಅರವತ್ತರ ದಶಕದ ಮಧ್ಯದಲ್ಲಿ. ಅಷ್ಟೊತ್ತಿಗೆ ಆಟಗಾರ ಹೋಗಿಯಾಗಿತ್ತು.

1960ರ ನಂತರ ಬಾರ್ಸಿಲೋನಾ ಮತ್ತೆ ಲೀಗ್ ಗೆದ್ದಿದ್ದು 1974ರಲ್ಲಿ, ಕ್ರೈಫ್ ಬಂದ ಮೇಲೆ. ಹದಿನಾಲ್ಕು ವರ್ಷ! ಇದಕ್ಕೆ ಸುವಾರೆಜ್ ಮಾರಾಟ ಒಂದೇ ಕಾರಣ ಅನ್ನೋಕಾಗಲ್ಲ. 1962ರಿಂದ 1973ರವರೆಗೆ ಸ್ಪೇನಿನ ಕ್ಲಬ್‌ಗಳು ವಿದೇಶಿ ಆಟಗಾರರನ್ನು ಕೊಳ್ಳುವ ಹಾಗಿರಲಿಲ್ಲ, ಅದೂ ಸೇರಿಕೊಂಡಿತು. ಆದರೂ ಸಿಳ್ಳೆ ಹಾಕಿದ ಜನ ಆ ಹದಿನಾಲ್ಕು ವರ್ಷ ಕ್ಯಾಂಪ್ ನೋದಲ್ಲಿ ಕೂತು ಏನು ಯೋಚಿಸಿರಬಹುದು?

*

ಈಗ ಒಂದು ಲೆಕ್ಕ ನೋಡಿ. ಬಾರ್ಸಿಲೋನಾದಲ್ಲಿ 122 ಲೀಗ್ ಪಂದ್ಯಕ್ಕೆ 61 ಗೋಲು. ಇಂಟರ್‌ನಲ್ಲಿ ಒಂಬತ್ತು ವರ್ಷ, 256 ಲೀಗ್ ಪಂದ್ಯ, 42 ಗೋಲು. ನಮ್ಮ ಮ್ಯಾನೇಜರ್ ಥರದವರು ಈ ಎರಡು ಸಾಲನ್ನು ಎಕ್ಸೆಲ್‌ನಲ್ಲಿ ನೋಡಿದರೆ 'ಪರ್ಫಾರ್ಮೆನ್ಸ್ ಬಿದ್ದೋಯ್ತು' ಅಂತ ಕೆಂಪು ಬಣ್ಣ ಹಚ್ಚುತ್ತಾರೆ. ಆದರೆ ಅವನ ಅತಿ ದೊಡ್ಡ ವರ್ಷಗಳು ಈ ಎರಡನೇ ಸಾಲಿನಲ್ಲಿವೆ.

ಇಂಟರ್‌ನಲ್ಲಿ ಹೆರೆರಾ ಅವನನ್ನು ಹಿಂದಕ್ಕೆ ಎಳೆದ. ಹೆರೆರಾನ ತಂಡ ಆಡುತ್ತಿದ್ದದ್ದು 'ಕತೆನಾಚ್ಚೊ', ಅಂದರೆ ಬಾಗಿಲ ಚಿಲಕ. ರಕ್ಷಣೆಯ ಸಾಲಿನ ಹಿಂದೆ ಇನ್ನೊಬ್ಬ, ಪಿಕ್ಕಿ ಅನ್ನುವವನು, ತಪ್ಪಿಸಿಕೊಂಡು ಬಂದದ್ದನ್ನೆಲ್ಲ ಗುಡಿಸಿ ಹಾಕಲು ನಿಂತಿರುತ್ತಿದ್ದ. ಎದುರಾಳಿ ಬಂದು ಬಂದು ಚಿಲಕ ಬಡಿದು ಸುಸ್ತಾಗಬೇಕು. ಚೆಂಡು ಸಿಕ್ಕ ತಕ್ಷಣ ಅದು ಹೋಗುತ್ತಿದ್ದದ್ದು ಸುವಾರೆಜ್ ಕಾಲಿಗೆ. ಅವನು ತಲೆಯೆತ್ತಿ ನಲವತ್ತು ಐವತ್ತು ಮೀಟರ್ ದೂರಕ್ಕೆ, ಬಲಗಡೆ ಓಡುತ್ತಿರುವ ಬ್ರೆಜಿಲ್‌ನ ಜೈರ್‌ಗೋ, ಎಡಗಡೆ ಡಿಫೆಂಡರ್ ಆಗಿದ್ದೂ ಮುಂದಕ್ಕೆ ನುಗ್ಗುವ ಫಕೆಟ್ಟಿಗೋ, ಮಧ್ಯದಲ್ಲಿ ಮಜ್ಜೋಲಾಗೋ ಕಳಿಸುತ್ತಿದ್ದ. ಮೂರು ನಾಲ್ಕು ಸೆಕೆಂಡಿನಲ್ಲಿ ಆಟ ಈ ಕಡೆಯಿಂದ ಆ ಕಡೆಗೆ. ಈ ಆಟ ಬೋರು, ಫುಟ್ಬಾಲನ್ನು ಕೊಂದಿತು ಅಂತ ಬೈಯುವವರಿದ್ದಾರೆ. ನನಗೂ ಮೊದಲು ಹಾಗೇ ಅನ್ನಿಸಿತ್ತು. ಯೂಟ್ಯೂಬ್‌ನಲ್ಲಿ ಸಿಗುವ ಕಪ್ಪು ಬಿಳುಪು ತುಣುಕುಗಳನ್ನು ನೋಡಿದ ಮೇಲೆ, ಚಿಲಕ ಮಾತ್ರ ಇದ್ದಿದ್ದರೆ ಬೋರೇ ಆಗುತ್ತಿತ್ತು, ಬಾಗಿಲು ತೆಗೆಯೋಕೆ ಒಬ್ಬ ಇದ್ದ ಅನ್ನಿಸಿತು.

1963ರಲ್ಲಿ ಇಂಟರ್‌ಗೆ ಒಂಬತ್ತು ವರ್ಷದ ನಂತರ ಲೀಗ್. 1965, 1966ರಲ್ಲಿ ಮತ್ತೆ. 1964ರ ಮೇ 27ರಂದು ವಿಯೆನ್ನಾದಲ್ಲಿ ರಿಯಲ್ ಮ್ಯಾಡ್ರಿಡ್ ಅನ್ನು 3-1ರಿಂದ ಸೋಲಿಸಿ ಯುರೋಪಿಯನ್ ಕಪ್. ಡಿ ಸ್ಟೆಫಾನೊ ಮ್ಯಾಡ್ರಿಡ್ ಅಂಗಿ ತೊಟ್ಟು ಆಡಿದ ಕೊನೆಯ ಪಂದ್ಯ ಅದು. ಮರುವರ್ಷ ಮಿಲಾನ್‌ನ ಮಳೆಯಲ್ಲಿ ಬೆನ್‌ಫಿಕಾ ಮೇಲೆ 1-0, ಜೈರ್ ಗೋಲು. ಬರ್ನ್‌ನ ಬಾಕಿ ತೀರಿತು. ಎರಡೂ ವರ್ಷ ಅರ್ಜೆಂಟೀನಾದ ಇಂಡಿಪೆಂಡಿಯೆಂಟೆಯನ್ನು ಸೋಲಿಸಿ ಇಂಟರ್‌ಕಾಂಟಿನೆಂಟಲ್ ಕಪ್ ಕೂಡ.

ಹಾಗಂತ ಅವನನ್ನು ಸಂತ ಮಾಡೋಕೆ ಹೊರಟಿಲ್ಲ. 1964ರ ಸೆಮಿಫೈನಲ್‌ನಲ್ಲಿ ಬೊರುಸಿಯಾ ಡಾರ್ಟ್‌ಮಂಡ್‌ನ ಕುರಾಟ್‌ಗೆ ಒದ್ದು ಗಾಯ ಮಾಡಿದ, ರೆಫರಿ ಹೊರಗೆ ಕಳಿಸಲಿಲ್ಲ. ಆಗ ಬದಲಿ ಆಟಗಾರರ ಪದ್ಧತಿಯೂ ಇರಲಿಲ್ಲ. ಆ ಕಾಲದ ಇಂಟರ್ ಮತ್ತು ರೆಫರಿಗಳ ಬಗ್ಗೆ ಪತ್ರಕರ್ತರು ಬೇಕಾದಷ್ಟು ಆಪಾದನೆ ಬರೆದಿದ್ದಾರೆ. ಅದೇ ಒಂದು ಲೇಖನ ಆಗುತ್ತೆ, ಇಲ್ಲಿ ಬೇಡ.

ಒಂದು ಪಂದ್ಯ ಮಾತ್ರ ಹೇಳಲೇಬೇಕು, ಅವನು ಆಡದೇ ಇದ್ದ ಪಂದ್ಯ. 1967ರ ಮೇ 25, ಲಿಸ್ಬನ್, ಯುರೋಪಿಯನ್ ಕಪ್ ಫೈನಲ್, ಎದುರಾಳಿ ಸ್ಕಾಟ್ಲೆಂಡಿನ ಸೆಲ್ಟಿಕ್. ಗಾಯದಿಂದಾಗಿ ಸುವಾರೆಜ್ ಹೊರಗೆ. ಏಳನೇ ನಿಮಿಷಕ್ಕೇ ಮಜ್ಜೋಲಾ ಪೆನಾಲ್ಟಿಯಲ್ಲಿ ಗೋಲು ಹೊಡೆದ. ಆಮೇಲೆ ಇಂಟರ್ ಚಿಲಕ ಹಾಕಿಕೊಂಡು ಕೂತಿತು. ಸೆಲ್ಟಿಕ್‌ನವರು ಅಲೆಯ ಮೇಲೆ ಅಲೆಯಾಗಿ ಬಂದರು. ಸಿಕ್ಕ ಚೆಂಡನ್ನು ಇಂಟರ್‌ನವರು ಹೇಗೋ ದೂರ ಒದೆಯುತ್ತಾರೆ, ಅದು ಮತ್ತೆ ಸೆಲ್ಟಿಕ್‌ನವರ ಕಾಲಿಗೇ ಹೋಗುತ್ತೆ. 2-1ರಿಂದ ಸೋತರು. ಒಂದು ವಾರದೊಳಗೆ ಮಾಂಟೊವಾ ಊರಿನಲ್ಲಿ ಸೋತು ಲೀಗನ್ನೂ ಜುವೆಂಟಸ್‌ಗೆ ಬಿಟ್ಟುಕೊಟ್ಟರು. ಸೆಲ್ಟಿಕ್ ಅವತ್ತು ಯಾರ ವಿರುದ್ಧವಾದರೂ ಗೆಲ್ಲುತ್ತಿತ್ತೇನೋ, ಅವರ ಆಟ ಹಾಗಿತ್ತು. ಆದರೆ ಸುವಾರೆಜ್ ಏನು ಮಾಡುತ್ತಿದ್ದ ಅಂತ ನನಗೆ ಅರ್ಥವಾಗಿದ್ದು ಅವನಿಲ್ಲದ ಈ ಪಂದ್ಯ ನೋಡಿದಾಗಲೇ.

*

ಇನ್ನು ಫ್ರಾಂಕೊ ವಿಷಯಕ್ಕೆ ಬರೋಣ.

ಯುರೋಪಿನ ದೇಶಗಳ ಕಪ್ (ಈಗಿನ ಯೂರೊ) ಮೊದಲ ಬಾರಿ ನಡೆದಾಗ ಸ್ಪೇನ್ ತಂಡ ಭರ್ಜರಿಯಾಗಿತ್ತು. ಅದಕ್ಕೂ ಕೋಚ್ ಹೆರೆರಾನೇ. 1959ರ ಜೂನ್‌ನಲ್ಲಿ ಪೋಲೆಂಡಿಗೆ ಹೋಗಿ 4-2ರಿಂದ ಗೆದ್ದರು, ಸುವಾರೆಜ್ ಎರಡು, ಡಿ ಸ್ಟೆಫಾನೊ ಎರಡು. ಮುಂದಿನ ಸುತ್ತಿನಲ್ಲಿ ಎದುರಾಳಿ ಸೋವಿಯತ್ ಒಕ್ಕೂಟ. 1960ರ ಮೇ ತಿಂಗಳ ಕೊನೆಗೆ ಮಾಸ್ಕೋಗೆ ಹೋಗಬೇಕಿತ್ತು. ಫ್ರಾಂಕೊ ಬೇಡ ಅಂದ. ಅಂತರ್ಯುದ್ಧದಲ್ಲಿ ಸೋವಿಯತ್ತರು ಅವನ ಎದುರಾಳಿಗಳಿಗೆ ಶಸ್ತ್ರ ಕೊಟ್ಟಿದ್ದರು. ಎರಡನೇ ಮಹಾಯುದ್ಧದಲ್ಲಿ ಅವನು ಹಿಟ್ಲರ್ ಪರವಾಗಿ ರಷ್ಯಾದ ರಣರಂಗಕ್ಕೆ ಸ್ಪೇನಿನ ಸೈನಿಕರನ್ನು ಕಳಿಸಿದ್ದ. ಹೀಗಿರುವಾಗ ಮ್ಯಾಡ್ರಿಡ್‌ನಲ್ಲಿ ಕೆಂಪು ಬಾವುಟ ಏರಿಸಿ ಅವರ ರಾಷ್ಟ್ರಗೀತೆ ನುಡಿಸೋದಾ? ಸ್ಪೇನ್ ಟೂರ್ನಿಯಿಂದಲೇ ಹೊರಬಂತು. ಸೋವಿಯತ್ ಆಡದೆಯೇ ಮುಂದೆ ಹೋಗಿ ಕಪ್ ಗೆದ್ದಿತು. ಡಿ ಸ್ಟೆಫಾನೊ, ಸುವಾರೆಜ್ ಇಬ್ಬರೂ ಫಾರ್ಮ್‌ನಲ್ಲಿದ್ದ ಸ್ಪೇನ್ ಏನು ಮಾಡುತ್ತಿತ್ತು ಅಂತ ಯಾರಿಗೂ ಗೊತ್ತಾಗಲೇ ಇಲ್ಲ.

ನಾಲ್ಕು ವರ್ಷದ ನಂತರ, 1964. ಕೊನೆಯ ಹಂತದ ಪಂದ್ಯಗಳು ಸ್ಪೇನಿನಲ್ಲೇ. ಯುದ್ಧ ಮುಗಿದು 25 ವರ್ಷ ಆಯಿತು ಅಂತ ಫ್ರಾಂಕೊ ಸರ್ಕಾರ 'ಶಾಂತಿಯ 25 ವರ್ಷ' ಅಂತ ದೊಡ್ಡ ಪ್ರಚಾರ ನಡೆಸುತ್ತಿತ್ತು. ಫೈನಲ್‌ಗೆ ಬಂದದ್ದು ಯಾರು ಹೇಳಿ? ಸೋವಿಯತ್ತೇ! ಈ ಸಲ ಹಿಂದೆ ಸರಿಯುವ ಹಾಗಿಲ್ಲ. ಜೂನ್ 21, ಬರ್ನಬ್ಯೂ ಸ್ಟೇಡಿಯಂ, 79 ಸಾವಿರ ಜನ, ಮೇಲೆ ಫ್ರಾಂಕೊ ಖುದ್ದಾಗಿ ಹಾಜರು. ಸೋವಿಯತ್ ಗೋಲಿನಲ್ಲಿ ಲೆವ್ ಯಾಶಿನ್. ಆರನೇ ನಿಮಿಷದಲ್ಲಿ ಸುವಾರೆಜ್ ಕಳಿಸಿದ ಚೆಂಡನ್ನು ಪೆರೆದಾ ಗೋಲಿಗೆ ಸೇರಿಸಿದ. ಎರಡೇ ನಿಮಿಷಕ್ಕೆ ಖುಸಾಯಿನೋವ್ ಸಮ ಮಾಡಿದ. ಆಮೇಲೆ ಎಪ್ಪತ್ತಾರು ನಿಮಿಷ ಏನೂ ಇಲ್ಲ. 84ನೇ ನಿಮಿಷದಲ್ಲಿ ಬಲಗಡೆಯಿಂದ ಒಂದು ಕ್ರಾಸ್ ಬಂತು, ಮಾರ್ಸೆಲಿನೊ ಬಗ್ಗಿ ತಲೆ ಕೊಟ್ಟ, ಯಾಶಿನ್ ನಿಂತಲ್ಲೇ ನಿಂತ. 2-1. ಒಂದು ತಿಂಗಳೊಳಗೆ ಸುವಾರೆಜ್‌ಗೆ ಎರಡು ಯುರೋಪಿಯನ್ ಕಪ್, ಒಂದು ಕ್ಲಬ್ಬಿಗೆ, ಒಂದು ದೇಶಕ್ಕೆ. ಆ ವರ್ಷದ ಬ್ಯಾಲನ್ ಡಿ'ಓರ್‌ನಲ್ಲಿ ಡೆನಿಸ್ ಲಾ ನಂತರ ಎರಡನೇ ಸ್ಥಾನ. ಇವನೇ ಮೊದಲಾಗಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ, ಜಗಳ ಮಾಡುವವರು ಮಾಡಬಹುದು.

ನಾನು ಇಡೀ ಲೇಖನ ಬರೆಯೋಕೆ ಕಾರಣವಾದ ವಿಷಯ ಈಗ ಬಂತು. ಆ 84ನೇ ನಿಮಿಷದ ಕ್ರಾಸ್ ಕೊಟ್ಟಿದ್ದು ಯಾರು?

ಸ್ಪೇನಿನಲ್ಲಿ ಆಗ ಸಿನಿಮಾ ಮಂದಿರಗಳಲ್ಲಿ ಚಿತ್ರ ಶುರುವಾಗುವ ಮುಂಚೆ 'ನೋ-ದೊ' ಅನ್ನುವ ಸರ್ಕಾರಿ ವಾರ್ತಾಚಿತ್ರ ತೋರಿಸೋದು ಕಡ್ಡಾಯ. ನಮ್ಮಲ್ಲೂ ಫಿಲ್ಮ್ಸ್ ಡಿವಿಷನ್‌ದು ಇತ್ತಲ್ಲ, 'ಅದು ಮುಗಿದ ಮೇಲೆ ಒಳಗೆ ಹೋಗೋಣ' ಅಂತ ಹೊರಗೆ ನಿಂತು ಬೀಡಿ ಸೇದುತ್ತಿದ್ದವರ ಕತೆ ಅಪ್ಪ ಹೇಳುತ್ತಿರುತ್ತಾರೆ. ಈ ಫೈನಲ್ ಅನ್ನು ನೋ-ದೊ ಕ್ಯಾಮೆರಾ ಚಿತ್ರಿಸಿತು. ಆದರೆ ಆ ಗೋಲಿನ ಹಿಂದಿನ ಕ್ರಾಸ್ ಅವರ ಫಿಲ್ಮಿನಲ್ಲಿ ಸಿಕ್ಕಿರಲಿಲ್ಲ. ಎಡಿಟಿಂಗ್‌ನಲ್ಲಿ ಕೂತವರು ಏನು ಮಾಡಿದರು? ಅದೇ ಪಂದ್ಯದಲ್ಲಿ ಬೇರೆ ಯಾವಾಗಲೋ ಅಮಾನ್ಸಿಯೊ ಕೊಟ್ಟಿದ್ದ ಒಂದು ಕ್ರಾಸನ್ನು ತಂದು ಮಾರ್ಸೆಲಿನೊ ಹೆಡರ್‌ನ ಹಿಂದೆ ಅಂಟಿಸಿದರು. ಇಡೀ ದೇಶ ನೋಡಿದ್ದು ಅದನ್ನೇ. ದಶಕಗಳ ಕಾಲ ಸ್ಪೇನಿನ ಜನ ಆ ಗೋಲಿಗೆ ಪಾಸ್ ಕೊಟ್ಟಿದ್ದು ಅಮಾನ್ಸಿಯೊ ಅಂತಲೇ ನಂಬಿದ್ದರು. ಕೊಟ್ಟಿದ್ದು ಪೆರೆದಾ. ಮೊದಲ ಗೋಲು ಹೊಡೆದ ಅದೇ ಪೆರೆದಾ.

ಇಲ್ಲಿ ಯಾರೂ ಬೇಕಂತ ಮೋಸ ಮಾಡಿದ ಹಾಗೆ ನನಗೆ ಕಾಣಲ್ಲ. ಒಂದು ತೂತು ಇತ್ತು, ಕೈಗೆ ಸಿಕ್ಕಿದ್ದರಿಂದ ಮುಚ್ಚಿದರು. ಗೋಲು ಮುಖ್ಯ ತಾನೆ, ಪಾಸ್ ಯಾರದಾದರೇನು? ಆ ಕಾಲದ ಸ್ಕೋರ್ ಶೀಟಿನಲ್ಲಿ 'ಅಸಿಸ್ಟ್' ಅಂತ ಒಂದು ಕಾಲಂ ಕೂಡ ಇರಲಿಲ್ಲ. ಪೆರೆದಾ ಗೋಲು ಹೊಡೆಯುತ್ತಿದ್ದವನು, ಅವನ ಹೆಸರು ಪಟ್ಟಿಯಲ್ಲಿ ಉಳಿಯಿತು. ಸುಮಾರು ಇಪ್ಪತ್ತು ವರ್ಷ ಮುಖ್ಯವಾಗಿ ಪಾಸ್ ಕೊಡುತ್ತಲೇ ಬದುಕಿದ ಸುವಾರೆಜ್‌ನ ಸಾವಿರಾರು ಪಾಸ್‌ಗಳ ಲೆಕ್ಕ ಎಲ್ಲಿಂದ ತರೋದು? ನಾನು ಹುಡುಕುತ್ತಾ ಹೋದಾಗ ಎದುರಾದದ್ದು ಈ ಗೋಡೆ. 61, 42, 54 ಅಂತ ಅಂಕಿ ಸಿಗುತ್ತೆ. ಅವನು ಏನು ಮಾಡಿದ ಅನ್ನೋದು ಆಡಿದವರ, ನೋಡಿದವರ ಬಾಯಲ್ಲಿ ಮಾತ್ರ.

ಇದನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ, ಕಾರಣ ಸ್ವಂತದ್ದು. ನನ್ನ ಮೊದಲ ಕೆಲಸದಲ್ಲಿ ಒಬ್ಬರು ಸೀನಿಯರ್ ಇದ್ದರು. ಬಿಲ್ಲಿಂಗ್‌ನ ಇಡೀ ಒಳಗಿನ ಲೆಕ್ಕಾಚಾರದ ಕೋಡ್ ಅವರದ್ದು. ಮೀಟಿಂಗ್‌ನಲ್ಲಿ ಮಾತಾಡುತ್ತಿರಲಿಲ್ಲ, ಯಾರಾದರೂ ಸಿಕ್ಕಿಹಾಕಿಕೊಂಡರೆ ಹತ್ತಿರ ಬಂದು ಕೂತು ಬಿಡಿಸಿ ಹೋಗುತ್ತಿದ್ದರು. ಅವರು ಬಿಟ್ಟು ಹೋದ ಮೇಲೆ ಆ ಕೋಡನ್ನು ಹೊಸ ರೆಪಾಸಿಟರಿಗೆ ಸಾಗಿಸುವ ಕೆಲಸ ನನಗೆ ಬಂತು. ಹಳೆಯ ಹಿಸ್ಟರಿ ಸಮೇತ ಸಾಗಿಸೋದು ತಲೆನೋವು, ಇನ್ನೂ ಎರಡು ದಿನ ಬೇಕಿತ್ತು. ನಾನು ಫೈಲ್‌ಗಳನ್ನು ಕಾಪಿ ಮಾಡಿ ಒಂದೇ ಕಮಿಟ್‌ನಲ್ಲಿ ಹಾಕಿಬಿಟ್ಟೆ. ಅವತ್ತಿನಿಂದ 'ಗಿಟ್ ಬ್ಲೇಮ್' ಹಾಕಿದರೆ ಪ್ರತಿ ಸಾಲಿನ ಮುಂದೂ ನನ್ನ ಹೆಸರು. ಹೊಸದಾಗಿ ಬಂದವರು 'ಇದೆಲ್ಲ ನೀವೇ ಬರೆದಿದ್ದಾ?' ಅಂತ ಕಣ್ಣರಳಿಸಿ ಕೇಳಿದಾಗ ಮೊದಮೊದಲು ಇಲ್ಲ ಅಂತಿದ್ದೆ. ಆಮೇಲಾಮೇಲೆ ನಕ್ಕು ಸುಮ್ಮನಾಗುತ್ತಿದ್ದೆ. ಆ ವರ್ಷ ಅಪ್ರೈಸಲ್ ಚೆನ್ನಾಗಿಯೇ ಬಂತು.

*

ಉಳಿದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. 1970ರಲ್ಲಿ ಇಂಟರ್ ಬಿಟ್ಟು ಜಿನೋವಾದ ಸಾಂಪ್‌ಡೋರಿಯಾಕ್ಕೆ, 1973ರವರೆಗೆ. ಸ್ಪೇನ್ ಪರ 1957ರಿಂದ 1972ರವರೆಗೆ ಒಟ್ಟು 32 ಪಂದ್ಯ, 14 ಗೋಲು. ಹದಿನೈದು ವರ್ಷಕ್ಕೆ 32 ತೀರಾ ಕಡಿಮೆ ಅಲ್ಲವೇ? 1962, 1966ರ ಎರಡು ವಿಶ್ವಕಪ್‌ಗಳಲ್ಲೂ ಸ್ಪೇನ್ ಮೊದಲ ಸುತ್ತಿನಲ್ಲೇ ಮನೆಗೆ. ಕೋಚ್ ಆಗಿ ಸ್ಪೇನಿನ 21ರ ಒಳಗಿನವರಿಗೆ 1986ರಲ್ಲಿ ಯುರೋಪಿಯನ್ ಕಪ್ ಗೆದ್ದುಕೊಟ್ಟ. 1988ರಿಂದ 1991ರವರೆಗೆ ದೊಡ್ಡವರ ತಂಡಕ್ಕೂ ಕೋಚ್, 1990ರ ವಿಶ್ವಕಪ್‌ನಲ್ಲಿ ಯುಗೊಸ್ಲಾವಿಯಾ ಎದುರು ಹೆಚ್ಚುವರಿ ಸಮಯದಲ್ಲಿ ಸೋಲು. ಇಂಟರ್‌ಗೂ ಮೂರು ಸಲ ಕೋಚ್ ಆದ, ಎಲ್ಲವೂ ಅಲ್ಪಾವಧಿ. ಸ್ಪೇನಿನ ರೇಡಿಯೋದಲ್ಲಿ ಎಷ್ಟೋ ವರ್ಷ ಪಂದ್ಯಗಳ ಬಗ್ಗೆ ಮಾತಾಡಿದ. ಮನೆ ಮಾತ್ರ ಕೊನೆಯವರೆಗೂ ಮಿಲಾನ್. 2010ರಲ್ಲಿ ಇನಿಯೆಸ್ಟಾ, ಚಾವಿ ಬ್ಯಾಲನ್ ಡಿ'ಓರ್‌ನಲ್ಲಿ ಎರಡನೇ, ಮೂರನೇ ಸ್ಥಾನಕ್ಕೆ ನಿಂತಾಗಲೂ ಪಟ್ಟಿಯಲ್ಲಿ ಇವನ ಹೆಸರು ಒಂಟಿಯಾಗೇ ಉಳಿಯಿತು.

2023ರ ಜುಲೈ 9ರಂದು ಮಿಲಾನ್‌ನಲ್ಲಿ ಸುವಾರೆಜ್ ತೀರಿಕೊಂಡ, 88 ವರ್ಷ. ಇನ್ನು ಹದಿನೈದು ತಿಂಗಳು ಇದ್ದಿದ್ದರೆ ರೋಡ್ರಿಯನ್ನು ನೋಡುತ್ತಿದ್ದ. ರೋಡ್ರಿ ಕೂಡ ಹಿಂದೆ ನಿಂತು ಪಾಸ್ ಹಂಚುವವನೇ. ಈಗ ಪ್ರತಿ ಪಾಸನ್ನೂ ಕಂಪ್ಯೂಟರ್ ಎಣಿಸುತ್ತೆ, ನಮ್ಮಂಥವರೇ ಯಾರೋ ಎಲ್ಲೋ ಕೂತು ಆ ಸಾಫ್ಟ್‌ವೇರ್ ಬರೆದಿದ್ದಾರೆ.

ಆ ಸೀನಿಯರ್‌ಗೆ ಮೊನ್ನೆ ಒಂದು ಮೇಲ್ ಹಾಕಿದೆ, ನೋ-ದೊ ಕತೆಯನ್ನೂ ಸೇರಿಸಿ. ಎರಡು ದಿನ ಬಿಟ್ಟು ಉತ್ತರ ಬಂತು. ಕೋಡಿನ ವಿಷಯಕ್ಕೆ ಒಂದು ಸ್ಮೈಲಿ ಅಷ್ಟೇ. ಉಳಿದಿದ್ದೆಲ್ಲ ಫುಟ್ಬಾಲ್. ಆ ಬರ್ನ್ ಫೈನಲ್‌ನ ವಿಡಿಯೋ ಸಿಕ್ಕರೆ ಲಿಂಕ್ ಕಳಿಸಪ್ಪಾ ಅಂತ ಕೇಳಿದ್ದಾರೆ. ಹುಡುಕುತ್ತಿದ್ದೇನೆ, ಪೂರ್ತಿ ಪಂದ್ಯ ಎಲ್ಲಾದರೂ ನೋಡಿದ್ದರೆ ತಿಳಿಸಿ.